ಗುಂಡಿ ಅತ್ತೆಯ ನಡಿಗೆ

ಯಾವ ಮದುವೆಗೆ ಹೋದರೂ ಗುಂಡಿ ಅತ್ತೆ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಿಡಿಯುತ್ತಿದ್ದಳು, ಎಲ್ಲರೂ ಎದ್ದುಹೋದ ಮೇಲೆಯೇ ಏಳುತ್ತಿದ್ದಳು. ಅವಳಿಗೆ ಸಮಾರಂಭಗಳೆಂದರೆ ಪಂಚಪ್ರಾಣ ಎಂದು ಜನ ತಿಳಿದಿದ್ದರು. ಪ್ರಾಣವೂ ಇಲ್ಲ, ಮಣ್ಣೂ ಇಲ್ಲ. ತಾನು ನಡೆಯುವುದು ಯಾರ ಕಣ್ಣಿಗೂ ಬೀಳಬಾರದು, ಅಷ್ಟೇ.

ಹುಟ್ಟಿನಿಂದಲೇ ಅವಳ ಎಡಗಾಲು ಗಿಡ್ಡ, ಅದಕ್ಕೊಂದು ದಪ್ಪ ಅಟ್ಟೆಯ ಬೂಟು. ಬಲಗಾಲು ಧಪ್ ಎಂದು ಬಿದ್ದರೆ, ಎಡಗಾಲು ಸೊಂಟವನ್ನೆಲ್ಲ ಒಂದು ಸುತ್ತು ತಿರುಗಿಸಿ, ಗಾಳಿಯಲ್ಲಿ ಕೊಂಚ ತಡೆದು, ಆಮೇಲೆ ಟಕ್ ಎನ್ನುತ್ತಿತ್ತು. ಶಾಲೆಯಲ್ಲಿ ಮಕ್ಕಳು ಅವಳ ಹಿಂದೆ ಸಾಲುಗಟ್ಟಿ ಹಾಗೆಯೇ ನಡೆದು ನಗುತ್ತಿದ್ದರು. ಅದಕ್ಕೇ ದೊಡ್ಡವಳಾದ ಮೇಲೆ ಕೂತು ಮಾಡುವ ಕೆಲಸ ಹುಡುಕಿಕೊಂಡಳು. ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುವುದು, ಅಂಚು ಮಡಚಿ ಹೊಲಿಯುವುದು. ಹೆಸರು ಬಂದದ್ದೂ ಅಲ್ಲಿಂದಲೇ.

ಇಂಥವಳನ್ನು ಮರುಳು ಮಾಡಿದ್ದು ಅವಳ ಅಣ್ಣನ ಮಗಳು. ಗ್ಯಾರೇಜಿನ ಮೇಲಿನ ಬಾಡಿಗೆ ಕೋಣೆಯಲ್ಲಿ ಗೆಳತಿಯರ ಜೊತೆ ವಿಡಿಯೋ ಗೇಮ್ ತಯಾರಿಸುತ್ತಿದ್ದ ಹುಡುಗಿ. ಒಂದು ದಿನ ಅತ್ತೆಗೆ ಮೈಗಂಟುವ ಕಪ್ಪು ಉಡುಪು ತೊಡಿಸಿ, ಭುಜ, ಮೊಣಕಾಲು, ಹಿಮ್ಮಡಿಗೆಲ್ಲ ಹೊಳೆಯುವ ಪುಟ್ಟ ಚೆಂಡುಗಳನ್ನು ಅಂಟಿಸಿ, ಕ್ಯಾಮೆರಾಗಳ ನಡುವೆ ಆ ಗೋಡೆಯಿಂದ ಈ ಗೋಡೆಗೆ ನಡೆಸಿದಳು.

"ಇದೇನೇ ಅವತಾರ? ನನ್ನ ಮೈಗೇ ಗುಂಡಿ ಹಚ್ಚಿದ್ಯಲ್ಲೇ!"

"ಕಂಪ್ಯೂಟರು ನಿನ್ನ ನಡಿಗೆ ಕಲಿಯುತ್ತೆ ಅತ್ತೆ."

"ಕಲಿಯೋಕೆ ಅದಕ್ಕೆ ಬೇರೆ ಯಾರೂ ಗತಿ ಇರಲಿಲ್ವಾ?"

ಅಷ್ಟು ಬುದ್ಧಿಯ ಯಂತ್ರ, ಸೊಟ್ಟದ್ದನ್ನು ತಾನೇ ನೆಟ್ಟಗೆ ಮಾಡಿಕೊಂಡೀತು ಎಂದು ಅತ್ತೆಯ ಎಣಿಕೆ. ಮಾಡಿಕೊಂಡಿರಲಿಲ್ಲ. ದೊಡ್ಡ ಗೇಮ್ ಮೇಳದಲ್ಲಿ ಸಾವಿರಾರು ಜನರ ಮುಂದೆ ತನ್ನ ನಡಿಗೆ ಇದ್ದದ್ದು ಇದ್ದಂತೆಯೇ ಬರಲಿದೆ ಎಂದು ತಿಳಿದಾಗ ಅವಳ ಮುಖ ಇಳಿದುಹೋಯಿತು.

"ಒಂದ್ಸಲ ಬಂದು ನೋಡು ಅತ್ತೆ," ಎಂದು ಹುಡುಗಿ ಅವಳ ಕೈ ಹಿಡಿದಳು. "ನಿನ್ನ ನಡಿಗೆ ನೋಡಿ ಒಬ್ಬರು ನಕ್ಕರೂ ತೆಗೆದುಹಾಕ್ತೀನಿ. ಆಣೆ ಮಾಡಿ ಹೇಳ್ತಿದ್ದೀನಿ."

ತೆಗೆದರೆ ವರ್ಷಗಟ್ಟಲೆಯ ದುಡಿಮೆ ನೀರುಪಾಲು ಎಂದು ಇಬ್ಬರಿಗೂ ಗೊತ್ತಿತ್ತು.

ಸರಿ, ಮೇಳದ ದಿನ ಬಾಗಿಲು ತೆರೆಯುವ ಮುಂಚೆಯೇ ಅತ್ತೆ ಹುಡುಗಿಯರ ಮಳಿಗೆಯ ಹಿಂದಿನ ಕುರ್ಚಿಯಲ್ಲಿ ಪ್ರತಿಷ್ಠಾಪನೆಯಾಗಿದ್ದಳು. ಆಮೇಲೆ ಬಾಗಿಲು ತೆರೆಯಿತು ನೋಡಿ! ವಿಮಾನ ತಂದು ನಿಲ್ಲಿಸಬಹುದಾದಂಥ ಸಭಾಂಗಣ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿಹೋಯಿತು. ಮನೆಯೆತ್ತರದ ಪರದೆಗಳು; ಒಂದರಲ್ಲಿ ಕಡಲು ಮೇಲೆದ್ದರೆ ಇನ್ನೊಂದರಲ್ಲಿ ನಗರವೇ ಹೊತ್ತಿ ಉರಿಯುತ್ತಿತ್ತು. ಆಟದ ಪಾತ್ರಗಳಂತೆ ರಟ್ಟಿನ ಕವಚ ತೊಟ್ಟ ರಾಣಿಯರು ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದರು. ಕಣ್ಣಿಗೆ ಆಟ ತೋರಿಸುವ ಡಬ್ಬಿ ಕಟ್ಟಿಕೊಂಡ ದಢೂತಿ ಮನುಷ್ಯನೊಬ್ಬ ಯಾರೂ ಇಲ್ಲದ ಕಡೆ ಗಾಳಿಗೆ ಗುದ್ದುತ್ತಿದ್ದ. ಅತ್ತೆ ತೆರೆದ ಬಾಯಿ ಮುಚ್ಚಲಿಲ್ಲ.

ಅಷ್ಟರಲ್ಲಿ ಇವರ ಪರದೆಯೂ ಬೆಳಗಿತು. ಅದರ ಮೇಲೊಂದು ಬೆಟ್ಟ. ಬೆಟ್ಟ ಮೆಲ್ಲಗೆ ಮೈಮುರಿದು ಎದ್ದು ನಿಂತಿತು. ಅದು ಕಲ್ಲಿನ ಮುದುಕಿ. ಅವಳ ಹೆಗಲ ಮೇಲೆ ಒಂದಿಡೀ ಊರು, ಊರಿನ ಮನೆಮಾಡುಗಳ ಮೇಲೆ ದೀಪ ಹಚ್ಚುತ್ತ ಜಿಗಿಯುವ ಒಂದು ಪುಟ್ಟ ಗೊಂಬೆ. ಗೊಂಬೆಯನ್ನು ಕುಣಿಸುವುದು ಆಡುವವರ ಕೆಲಸ. ಮುದುಕಿ ನಡೆಯತೊಡಗಿದಳು. ಧಪ್! ಕಡಲು ಇಬ್ಭಾಗವಾಯಿತು. ಸೊಂಟ ಸುತ್ತಿತು, ಊರಿಗೆ ಊರೇ ವಾಲಿತು, ಹಕ್ಕಿಗಳ ಹಿಂಡು ಭರ್ರನೆ ಮೇಲೆದ್ದಿತು. ಎಡಗಾಲು ಆಕಾಶದಲ್ಲಿ ತಡೆದು ನಿಂತಾಗ ಗಾಳಿ, ಅಲೆ ಎಲ್ಲವೂ ಉಸಿರು ಹಿಡಿದಂತೆ ನಿಂತವು. ಆಮೇಲೆ, ಟಕ್.

ಅತ್ತೆಯ ರೋಮಗಳು ನೆಟ್ಟಗಾದವು. ಇದು ನನ್ನ ಸೊಂಟ. ನನ್ನ ಕಾಲು. ಇದಕ್ಕೆ ಇಷ್ಟು ದೊಡ್ಡ ಸಮುದ್ರ ದಾರಿ ಬಿಡುತ್ತದೆಯೇ?

ಆಡುತ್ತಿದ್ದವನು ಕೈಗೆಲ್ಲ ಹಸಿರು ಬಣ್ಣ ಬಳಿದುಕೊಂಡ ಗಡ್ಡದವನು. ಅವನ ಗೊಂಬೆ ಮಾಡಿನಿಂದ ಜಾರಿ ಬಿತ್ತು. ಗಡ್ಡದವನು ಗಹಗಹಿಸಿ ನಕ್ಕ. ಅತ್ತೆ ಹುಡುಗಿಯ ಕಡೆ ತಿರುಗಿದಳು; ಹುಡುಗಿಯ ಮುಖ ಬಿಳಿಚಿಕೊಂಡಿತು.

"ಥೂ ನನ್ನ! ಅವಸರ ಮಾಡಿ ಬಿದ್ನಲ್ಲ. ಇನ್ನೊಂದ್ಸಲ, ಇನ್ನೊಂದೇ ಸಲ," ಎಂದ ಅವನು. ಈ ಸಲ ಮುದುಕಿಯ ಜೊತೆಗೇ ಭುಜ ವಾಲಿಸಿ, ಜೊತೆಗೇ ತಡೆದ. ಅವನ ಹಿಂದೆ ಸಾಲುಗಟ್ಟಿ ನಿಂತವರೂ, ಅವರಿಗೇ ಅರಿವಿಲ್ಲದಂತೆ, ಹಾಗೆಯೇ ವಾಲುತ್ತಿದ್ದರು. ಅತ್ತೆ ಒಬ್ಬೊಬ್ಬರ ಮುಖವನ್ನೂ ಹುಡುಕಿ ಹುಡುಕಿ ನೋಡಿದಳು. ಯಾವ ಮುಖದಲ್ಲೂ ಅಣಕವಿರಲಿಲ್ಲ.

"ನಂಗೂ ಒಂದು ಕೈ ಆಡೋಕೆ ಕೊಡೇ," ಎಂದು ಅಣ್ಣನ ಮಗಳನ್ನು ಕೇಳಿದಳು.

ಮೊದಲ ಹೆಜ್ಜೆಗೇ ಅವಳ ಗೊಂಬೆ ದೊಪ್ಪನೆ ಬಿತ್ತು.

"ಅಮ್ಮಾ, ಎಡಗಾಲಿಗೆ ಕಾಯಬೇಕು," ಎಂದ ಗಡ್ಡದವನು ಬಹಳ ಮರ್ಯಾದೆಯಿಂದ. "ಅದು ತಡವಾಗೇ ಬರೋದು. ಅದರ ಗತ್ತೇ ಹಂಗೆ. ಅಭ್ಯಾಸ ಆಗುತ್ತೆ ಬಿಡಿ."

"ಹೌದೇನಪ್ಪಾ? ನಂಗಿನ್ನೂ ಆಗಿಲ್ಲ ನೋಡು," ಎಂದಳು ಅತ್ತೆ. ಅಣ್ಣನ ಮಗಳ ಕಡೆ ತಿರುಗಿ, "ನನ್ನ ಹೆಗಲಿಂದ ನಾನೇ ಬಿದ್ನಲ್ಲೇ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹುಡುಗಿ ಅವಳ ಕಿವಿಯ ಬಳಿ ಬಾಗಿದಳು. "ತೆಗೀಲಾ ಅತ್ತೆ?"

"ಮುಟ್ಟಿದ್ರೆ ಕೈ ಮುರೀತೀನಿ."

"ಸರಿ ಹಾಗಾದ್ರೆ. ಕೂತಿರು, ಜನ ಎಲ್ಲ ಹೋದ್ಮೇಲೆ ಹೊರಡೋಣ."

"ಯಾಕೆ? ಆ ಕೊನೇಲಿ ಹಾರೋ ಆಟ ಇದೆಯಂತಲ್ಲ, ಅದನ್ನೂ ನೋಡ್ಬೇಕು ನಾನು."

ಅತ್ತೆ ಎದ್ದಳು. ತುಂಬಿದ ಸಭಾಂಗಣದ ನಟ್ಟನಡುವೆ ಹೊರಟಳು. ಧಪ್. ಸೊಂಟ ಸುತ್ತಿತು, ಕಾಲು ತಡೆಯಿತು, ಅವಳು ಅವಸರ ಮಾಡಲಿಲ್ಲ. ಟಕ್. ಮುಂದೆ ನಿಂತಿದ್ದ ರಟ್ಟಿನ ರಾಣಿಯರು ತಿರುಗಿ ನೋಡಿ, ಎರಡೂ ಬದಿಗೆ ಸರಿದು ದಾರಿ ಬಿಟ್ಟರು.