ಇಲ್ಲದ ನಾಲ್ಕರ ಬೀಗ

"ಬೀಗ ಮುರೀರಿ ಅಕ್ಕ. ಇಲ್ಲದ ಯಂತ್ರ ಹಿಡ್ಕೊಂಡಿರೋ ಬೀಗಕ್ಕೆ ಯಾರ ಅಪ್ಪಣೆ ಬೇಕು?"

"ಹಿಡ್ಕೊಂಡಿರೋರು ಯಾರು ಅಂತ ಗೊತ್ತಾಗ್ಲಿ. ಅಲ್ಲೀವರೆಗೂ ಮುರಿಯಲ್ಲ."

"ನಾಲ್ಕನೇ ಮಹಡಿನೇ ಇಲ್ಲದ ಆಸ್ಪತ್ರೆ ಇದು. ನಾಲ್ಕನೇ ಯಂತ್ರ ಎಲ್ಲಿದೆ, ತೋರಿಸಿ ನೋಡೋಣ."

ಕೀಲುಂಗ್ ಬಂದರಿನ ಆಸ್ಪತ್ರೆಯೊಂದರ ನೆಲಮಾಳಿಗೆ. ಬೆಳಗಾಗುತ್ತಿದೆ. ಜಗಳಕ್ಕೆ ನಿಂತವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಕೇ ಮತ್ತು ಯಂತ್ರಗಳನ್ನು ನೋಡಿಕೊಳ್ಳುವ ಯೌ ಬೀ-ಷ್ಯಾ. ರೋಗಿಗಳ ಸ್ಕ್ಯಾನ್ ಚಿತ್ರಗಳೆಲ್ಲ ಇರುವುದು ಇಲ್ಲಿನ ಒಂದೇ ಡಿಸ್ಕ್ ಉಗ್ರಾಣದಲ್ಲಿ. ಅದನ್ನು ನಾಲ್ಕು ಸರ್ವರ್‌ಗಳು ಹಂಚಿಕೊಂಡಿವೆ. ಒಂದು ಬರೆಯುವಾಗ ಇನ್ನೊಂದು ಕೈಯಾಡಿಸದಂತೆ ತಂತ್ರಾಂಶದ ಬೀಗ ಬೀಳುತ್ತದೆ. ಇವತ್ತು ಬಿದ್ದ ಬೀಗ ತೆರೆಯುತ್ತಿಲ್ಲ. ಮೇಲೆ ಮೀನುಗಾರ ಚ್ವಾಂಗ್ ಅವರ ತಲೆ ಬೋಳಿಸಿ ಮಲಗಿಸಿದ್ದಾರೆ. ಮಿದುಳಿನ ಚಿತ್ರ ತೆರೆಯದೆ ವೈದ್ಯರು ಚಾಕು ಎತ್ತುವಂತಿಲ್ಲ.

ಬೀಗ ನಾಲ್ಕನೆಯದರ ಕೈಯಲ್ಲಿದೆ ಎನ್ನುತ್ತದೆ ಪರದೆ. ಯಂತ್ರಗಳ ಮೇಲಿನ ಚೀಟಿಗಳೋ ಒಂದು, ಎರಡು, ಮೂರು, ಐದು. ಇಲ್ಲಿನ ಮಾತಿನಲ್ಲಿ ನಾಲ್ಕು ಎಂದರೆ ಸಾವು ಎಂದಂತೆ ಕೇಳುತ್ತದೆ; ಸಾವಿನ ಸಂಖ್ಯೆಯನ್ನು ಯಾರು ಬರೆಯುತ್ತಾರೆ? ಅದರಲ್ಲೂ ಇದು ಏಳನೇ ತಿಂಗಳು, ಸತ್ತವರು ಊರಿಗೆ ಬರುವ ಕಾಲ. ಐದನೆಯದು ಉತ್ತರ ಕೊಡುವುದನ್ನೇ ನಿಲ್ಲಿಸಿದೆ. ಅದೂ ಸತ್ತಿದೆ ಎಂದು ಕೇ ಕೈಬಿಟ್ಟಿದ್ದಾರೆ.

ಬೀ-ಷ್ಯಾ ಒಳಕೋಣೆಗೆ ಹೋಗುತ್ತಾರೆ. ಯಂತ್ರ ಮುನಿಯದಿರಲೆಂದು, ಇಲ್ಲಿನ ರೂಢಿಯಂತೆ, ಪ್ರತಿಯೊಂದರ ತಲೆಯ ಮೇಲೂ ಹಸಿರು ಕುರುಕಲು ತಿಂಡಿಯ ಪೊಟ್ಟಣ ಇಟ್ಟಿದೆ. ಬೀಗಕ್ಕೆ ಕಾದು ನಿಂತ ಮೂರು ಯಂತ್ರಗಳ ಪೊಟ್ಟಣಗಳು ಸುಮ್ಮನಿವೆ. ಐದರ ಮೇಲಿನದು ಸಣ್ಣಗೆ ನಡುಗುತ್ತಿದೆ. ಹಿಂಬದಿಗೆ ಅಂಗೈ ಒಡ್ಡಿದರೆ ಬಿಸಿಯುಸಿರು.

"ಸತ್ತಿಲ್ಲ," ಎನ್ನುತ್ತಾರೆ ಮೆಲ್ಲಗೆ. "ಬರೀತಾನೇ ಇದೆ."

ಅದರ ಜಾಲದ ತಂತಿ ಸಡಿಲವಾಗಿತ್ತು, ಕೂಗು ಹೊರಗೆ ಕೇಳಿಸಿರಲಿಲ್ಲ; ಡಿಸ್ಕಿಗೆ ಹೋಗುವ ತಂತಿ ಬೇರೆ, ಅದು ಗಟ್ಟಿಯಾಗೇ ಇತ್ತು. ನಮ್ಮ ಅಪಶಕುನ ಯಂತ್ರಕ್ಕೇನು ಗೊತ್ತು? ಅದರ ಎಣಿಕೆಯಲ್ಲಿ ತಾನೇ ನಾಲ್ಕು. ಬೀಗ ಮುರಿದಿದ್ದರೆ ಎರಡು ಕೈಗಳು ಒಂದೇ ಹಲಗೆಯ ಮೇಲೆ ಗೀಚಿ, ಊರಿನವರ ಚಿತ್ರಗಳೆಲ್ಲ ಕಲಸಿಹೋಗುತ್ತಿದ್ದವು. ಬೀ-ಷ್ಯಾ ತಂತಿಯನ್ನು ಒತ್ತಿ ಕೂರಿಸುತ್ತಾರೆ. ಬೀಗ ಬಿಡುತ್ತದೆ. ಚಿತ್ರ ಬಂತೆಂದು ಮೇಲಿನಿಂದ ಫೋನು ಬರುತ್ತದೆ. ಕೃತಜ್ಞತೆ ಇಲ್ಲ. ಚಿತ್ರ ತೆರೆಯದಿದ್ದರೆ ಬೈಗುಳ ಮಾತ್ರ ನೆಟ್ಟಗೆ ಇಲ್ಲಿಗೇ ಇಳಿಯುತ್ತದೆ.

ಬೀ-ಷ್ಯಾ ಕಲ್ಲಿದ್ದಲು ಗಣಿಯೂರಿನವರು. "ಗಣಿ ಒಳಗೋದೋನ ನಂಬರ್ ಬಿಲ್ಲೆ ಹೊರಗಿನ ಗೂಟಕ್ಕೆ ವಾಪಸ್ ಬರದೆ ಸುರಂಗ ಮುಚ್ಚಬಾರದು ಅಂತಿದ್ರು ಅಪ್ಪ. ಕೂಗಿದ್ರೆ ಓಗೊಡಲಿಲ್ಲ ಅಂತ ಸತ್ತ ಅನ್ನೋಕಾಗುತ್ತಾ?"

ಅವರಿಗೆ ಬೇಕಾದದ್ದು ಒಂದೇ. ಹೊಸ ಚೀಟಿಯಲ್ಲಿ ನಾಲ್ಕು ಎಂದು ಬರೆದು ಕೇ ಕೈಗಿಡುತ್ತಾರೆ. "ಐದು ಅಂತ ಅಂಟಿಸಿದ್ದು ನಾನೇ. ಇದನ್ನ ನೀವು ಅಂಟಿಸಿ. ಇರೋದನ್ನ ಇಲ್ಲ ಅಂದ್ರೆ ಅದಕ್ಕೆ ಮುನಿಸು ಬರಲ್ವಾ?"

"ಸತ್ತೋರು ಬರೋ ಈ ತಿಂಗಳಲ್ಲೇ ಅಂಟಿಸೋದಾ ಅಕ್ಕ?"

ಕೇ ಚೀಟಿಯನ್ನು ತುದಿಯಲ್ಲಿ ಹಿಡಿದು ಮೇಜಿನ ಮೇಲಿಡುತ್ತಾರೆ. "ಸೋಯಾ ಹಾಲು ಕುಡ್ಕೊಂಡು ಬರ್ತೀನಿ," ಎಂದು ಹೊರಡುತ್ತಾರೆ.

ಚ್ವಾಂಗ್ ಕಣ್ಣು ಬಿಟ್ಟರೆಂದು ಮಧ್ಯಾಹ್ನ ಸುದ್ದಿ ಬರುತ್ತದೆ. ಚೀಟಿ ಮೇಜಿನ ಮೇಲೇ ಇದೆ. ಒಳಗೆ ಪೊಟ್ಟಣ ನಡುಗುತ್ತಿದೆ. ಕೇ ಬರುವುದಿಲ್ಲ.