ಅಜ್ಜನ ಕಫನಿಯ ಅಳತೆ

೧೯೩೬ರಲ್ಲಿ ನಾನು ಸಾಲೆ ಬಿಟ್ಟೆ. ಬಿಟ್ಟೆ ಎನ್ನುವುದು ನನ್ನ ಮಾತು. ನಾಲ್ಕನೇ ಇಯತ್ತೆಯ ಭಾಗಾಕಾರವೇ ನನ್ನನ್ನು ಬಿಟ್ಟಿತೆಂದು ನಮ್ಮಾಕೆ ಹೇಳುತ್ತಾಳೆ. ಅದೇ ವಾರ ಗಜೇಂದ್ರಗಡದ ಸಾಬರೊಬ್ಬರ ಅಂಗಡಿಯಲ್ಲಿ ಹೊಲಿಗೆಗೆ ಕುಳಿತೆ. ಅವರೇ ನನ್ನ ಉಸ್ತಾದರು. ಈಗ ರೋಣದಲ್ಲಿ ನನ್ನದೇ ಅಂಗಡಿ. ಸಾಲೆ ಮುಗಿಸದ ನನ್ನನ್ನು ಊರೆಲ್ಲ ‘ಮಾಸ್ತರ’ ಎನ್ನುತ್ತದೆ. ಅದು ನನಗೆ ಹೆಮ್ಮೆಯೇ, ಯಾಕೆ ಮುಚ್ಚಿಡಲಿ?

ಅಳತೆ ಹಿಡಿದೂ ಹಿಡಿದೂ ಒಂದು ಸಂಗತಿ ಕಂಡುಕೊಂಡಿದ್ದೇನೆ. ನಮ್ಮಂಥವರು ತೀರಿಕೊಂಡ ಮೇಲೆ ಬೆಳೆಯುವುದಿಲ್ಲ. ಮಠ ಕಟ್ಟಿದವರು ಬೆಳೆಯುತ್ತಾರೆ. ನಮ್ಮ ಮಠ ಕಟ್ಟಿದ ಸ್ವಾಮಿಗಳು, ಊರಿಗೆಲ್ಲ ಮೂಲ ಅಜ್ಜ, ನನ್ನ ತಾಯಿ ಹೇಳುತ್ತಿದ್ದ ಕಥೆಯಲ್ಲಿ ನೆಟ್ಟಗೆ ನಡೆದು ಬಾಗಿಲು ದಾಟುತ್ತಿದ್ದರು. ನರಗುಂದದಿಂದ ಬರುವ ಪುರಾಣಿಕರ ಬಾಯಲ್ಲಿ ಈಗ ಬಗ್ಗಿ ದಾಟುತ್ತಾರೆ. ಉಸ್ತಾದರ ಓಣಿಯ ದರ್ಗಾದಲ್ಲೂ ಇದೇ ಕಥೆ. ಗೋರಿಗೆ ಹೊದಿಸುವ ಗಲೀಫ ವರ್ಷ ವರ್ಷ ಉದ್ದವಾಗುತ್ತಿತ್ತು.

“ಪೀರಸಾಹೇಬ್ರು ಮಲಗಿದಲ್ಲೇ ಬೆಳೀತಾರೇನ್ರಿ ಉಸ್ತಾದ್?” ಎಂದು ಒಮ್ಮೆ ಕೇಳಿದ್ದೆ.

“ಅವ್ರಲ್ಲೋ ಹುಚ್ಚಾ, ಮಂದೀ ಪ್ರೀತಿ ಬೆಳೀತದ. ಅದಕ್ಕೂ ಟೇಪ್ ಹಿಡೀತಿಯೇನು?” ಎಂದು ತಲೆಗೆ ಮೊಟಕಿದ್ದರು.

ಹೋದ ವರ್ಷ ಮಠದ ಹಿರಿಯರಾದ ರುದ್ರಪ್ಪನವರು ಅಜ್ಜನ ಕಫನಿಯನ್ನು, ಅಂದರೆ ಅವರು ತೊಡುತ್ತಿದ್ದ ನಿಲುವಂಗಿಯನ್ನು, ಗಂಟು ಕಟ್ಟಿ ತಂದರು. ಗದ್ದುಗೆಯ ಮೇಲಿಡಲು ಹೊಸದು ಹೊಲಿಯಬೇಕು. ಹಳೆಯದನ್ನು ಹೊಳೆಮಣ್ಣೂರಿಗೆ ಒಯ್ದು ಹೊಳೆಗೆ ಬಿಡುವುದು. ಅಳೆದು ನೋಡಿದೆ. ಅಜ್ಜನಿಗೆ ಪಾದ ಮುಟ್ಟುತ್ತಿದ್ದ ಅಂಗಿ, ನನಗಾದರೆ ಮೊಣಕಾಲು ದಾಟದು.

“ಎರಡು ಗೇಣು ಉದ್ದ ಮಾಡ್ರಿ ಮಾಸ್ತರ. ಅಜ್ಜಾರು ಇಷ್ಟ ಗಿಡ್ಡ ಇದ್ರಂದ್ರ ಮಂದಿ ನಗ್ತಾರ. ಮತ್ತ ಆ ತ್ಯಾಪಿ ಒಂದೂ ಬ್ಯಾಡ.”

ತೇಪೆಗಳು ಏಳಿದ್ದವು. ಹೊಲಿಗೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಸಾಲು ಹಾವು ಹರಿದಂತೆ. ಶಿಷ್ಯರ ಕೈಗೆ ಕೊಟ್ಟಿದ್ದರೆ ಯಾರಾದರೂ ಇದಕ್ಕಿಂತ ನೆಟ್ಟಗೆ ಹೊಲಿಯುತ್ತಿದ್ದರು. ಅಜ್ಜ ಯಾರಿಗೂ ಕೊಡದೆ ತಾವೇ ಕುಳಿತು ಹೊಲಿದುಕೊಂಡಿದ್ದಾರೆ! ಎಷ್ಟೋ ಪುರಾಣ ಕೇಳಿ ಕೈಮುಗಿದಿದ್ದೆ. ಅವರು ನನ್ನ ಪಕ್ಕಕ್ಕೆ ಬಂದು ಕುಳಿತದ್ದು ಈ ಸೊಟ್ಟ ಹೊಲಿಗೆಯಲ್ಲಿ. ಇದು ಹೊಳೆಯ ಪಾಲಾಗುತ್ತದೆಂದರೆ ಸಂಕಟವಾಯಿತು.

“ಉದ್ದ ಮಾಡ್ತೀನ್ರಿ. ಮಂದೀ ಪ್ರೀತಿ, ನಾ ಯಾಕ ಕತ್ರಸ್ಲಿ? ಆದ್ರ ಹಳೇದು ಹೊಳಿಗೆ ಬ್ಯಾಡ್ರಿ. ನನಗ ಕೂಲೀನೂ ಬ್ಯಾಡ, ಅದನ್ನ ಹೊಸಾದ್ರ ಒಳಗ ಮಡಚಿ ಇಡ್ರಿ.”

“ಸಾಲಿ ಬಿಟ್ಟ ಮಾಸ್ತರ, ನಮಗ ಪಾಠ ಹೇಳ್ತೀರೇನ್ರಿ?”

“ಸಾಲಿ ಬಿಟ್ಟೀನಿ, ಸೂಜಿ ಬಿಟ್ಟಿಲ್ರೀ. ಇಲ್ಲಿ ಬೆರಳ ಇಟ್ಟ ನೋಡ್ರಿ, ಇದು ಖುದ್ದ ಅಜ್ಜಾರ ಕೈ.”

ರುದ್ರಪ್ಪನವರು ತೇಪೆಯ ಮೇಲೆ ಬೆರಳಿಟ್ಟರು. ಸೊಟ್ಟ ಸಾಲಿನ ಉದ್ದಕ್ಕೂ ಸವರಿದರು.

“ಭಾಳ ಕೆಟ್ಟ ಹೊಲದಾರ್ರಿ ಅಜ್ಜಾರು,” ಎಂದರು. ಹಳೆಯದನ್ನು ತಾವೇ ಮಡಚತೊಡಗಿದರು.

ಹಳೆಯದು ಹೊಸದರ ಒಳಗೆ ಉಳಿಯಿತು. ಎತ್ತರದ ಅಜ್ಜನಿಗೆ ನಾನು ಊರವರ ಜೊತೆ ಕೈಮುಗಿಯುತ್ತೇನೆ. ಗಿಡ್ಡ ಅಜ್ಜನನ್ನು ದಿನಾ ಬೆಳಿಗ್ಗೆ ಸೂಜಿಗೆ ದಾರ ಪೋಣಿಸುವಾಗ ನೆನೆಯುತ್ತೇನೆ. ಈಗ ನನಗಿರುವುದು ಹೊಲಿಗೆ ಯಂತ್ರ ಒಂದು, ಕತ್ತರಿ ಎರಡು, ಮಕ್ಕಳು ಮೂವರು, ಅಜ್ಜಂದಿರು ಇಬ್ಬರು.