ಸುಡದೆ ಬಿಟ್ಟ ಮೂರು ಗೆರೆ

ಬೆಳಗಿನ ಐದೂವರೆ. ಹಡಗಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಒಂದು ಅಂಗಡಿಯ ಶಟರ್ ಅರ್ಧ ಎತ್ತಿದೆ. ಒಳಗೆ ಭಾಗ್ಯ ಬಣ್ಣದ ಕನ್ನಡಕ ಹಾಕಿಕೊಂಡು, ಮರದ ಹಲಗೆಯ ಮೇಲೆ ಅತ್ತಿಂದಿತ್ತ ಓಡುವ ಲೇಸರ್ ಚುಕ್ಕೆಯನ್ನು ಕಾಯುತ್ತ ಕುಳಿತಿದ್ದಾರೆ. ಪಕ್ಕದ ಬಟ್ಟೆ ಅಂಗಡಿ ತೆರೆಯುವುದರೊಳಗೆ ಸುಡುವ ಕೆಲಸ ಮುಗಿಯಬೇಕು. ಹೊಸ ಸೀರೆಗೆ ಹೊಗೆವಾಸನೆ ಹತ್ತಿದರೆ ಕೊಳ್ಳುವವರು ಯಾರು?

ಇಂದಂತೂ ತಪ್ಪು ಆಗುವಂತಿಲ್ಲ. ಹಲಗೆಯ ಮೇಲೆ ಮೂಡುತ್ತಿರುವುದು ಹೊಳಲಿನ ಕರಿಸಿದ್ದಪ್ಪನವರ ಮುಖ. ಹಾಲಿನ ಸಂಘದಲ್ಲಿ ಮೂವತ್ತೊಂದು ವರ್ಷ ಹಾಲು ಅಳೆದ ಅವರಿಗೆ ಇಂದು ಹನ್ನೊಂದಕ್ಕೆ ಬೀಳ್ಕೊಡುಗೆ. ಸಂಘದವರು ಹೇಳಿ ಮಾಡಿಸಿದ ಮೊದಲ ಹಲಗೆ ಈಗಾಗಲೇ ಬೇಡವೆನಿಸಿಕೊಂಡಿದೆ. ಇದೂ ಕೆಟ್ಟರೆ ಫೋಟೊ ಕೆಲಸಕ್ಕೆ ಕೈಮುಗಿದು, ಮತ್ತೆ ಬರೀ ಮನೆ ಹೆಸರಿನ ಫಲಕ ಕೊರೆಯುತ್ತ ಕೂರುವುದೆಂದು ಭಾಗ್ಯ ತೀರ್ಮಾನಿಸಿಬಿಟ್ಟಿದ್ದಾರೆ.

ಹತ್ತು ವರ್ಷ ಗಾಡಿಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸಿದ ಕೈ ಇದು. ಕಣ್ಣು ಸೋತಾಗ, ಎರಡು ವರ್ಷದ ಹಿಂದೆ, ಈ ಯಂತ್ರ ಬಂತು. ಅಕ್ಷರ ಒಂದೇ ವಾರದಲ್ಲಿ ಒಲಿಯಿತು, ಮುಖ ಮಾತ್ರ ಸತಾಯಿಸಿತು. ಪವರ್ ಹೆಚ್ಚಾದರೆ ಗಡ್ಡ, ಹಣೆ, ಹಿಂದಿನ ಗೋಡೆ ಎಲ್ಲ ಒಂದೇ ಮಸಿ. ಕಡಿಮೆಯಾದರೆ ಮುಖವೇ ನಾಪತ್ತೆ.

"ಹಂಚಿನ ಮ್ಯಾಲಿನ ರೊಟ್ಟಿ ಇದ್ದಂಗ ಐತ್ರಿ ಇದು. ಉರಿನೂ ನೋಡ್ಬೇಕು, ಎಷ್ಟೊತ್ತು ಬಿಡ್ಬೇಕು ಅನ್ನೋದೂ ನೋಡ್ಬೇಕು" ಎನ್ನುತ್ತಾರೆ ಭಾಗ್ಯ. ದಿನಕ್ಕೆ ಮೂರು ಚಿತ್ರ, ಒಂದೊಂದಕ್ಕೆ ಒಂದೂಕಾಲು ಗಂಟೆ. ಹೊಸ ಮರ ಬಂದಾಗಲೆಲ್ಲ ಮೊದಲು ತುಂಡು ಹಲಗೆಯಲ್ಲಿ ನಲವತ್ತು ಚೌಕ ಸುಟ್ಟು ನೋಡುತ್ತಾರೆ. ಒಂದೊಂದು ಚೌಕಕ್ಕೂ ಬೇರೆ ಪವರ್, ಬೇರೆ ಸ್ಪೀಡು.

ಕರಿಸಿದ್ದಪ್ಪನವರ ವಿಷಯದಲ್ಲಿ ಆ ಚೌಕಗಳೂ ಕೈಕೊಟ್ಟವು. ವಿಭೂತಿ ಎದ್ದು ಕಾಣಲೆಂದು ಭಾಗ್ಯ ಕಂಪ್ಯೂಟರಿನಲ್ಲಿ ಫೋಟೊವನ್ನು ಬೆಳ್ಳಗೆ ಮಾಡಿದ್ದರು. ಹಣೆಯೂ ಬೆಳ್ಳಗಾಗಿ ವಿಭೂತಿ ಅದರಲ್ಲೇ ಕರಗಿಹೋಯಿತು. ಸಾಲದ್ದಕ್ಕೆ ಮರದ ಕಂದು ಎಳೆಯೊಂದು ಹಣೆಯ ನಟ್ಟನಡುವೆ ನೆಟ್ಟಗೆ ಇಳಿದಿತ್ತು. ನೋಡಲು ಬಂದ ಅವರ ಹೆಂಡತಿ ನಾಗಲಿಂಗಮ್ಮ ಹಲಗೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ನಮ್ಮ ಮನಿಯವ್ರು ವಿಭೂತಿ ಇಲ್ದ ಹೊಸ್ತಿಲಾ ದಾಟಂಗಿಲ್ಲವ್ವ. ನೀನು ಅದನ್ನ ಅಳಿಸಿ ನಾಮಾ ಹಾಕೀಯಲ್ಲ" ಎಂದರು.

ಈಗ ಹೇಳುವಾಗ ಭಾಗ್ಯ ನಗುತ್ತಾರೆ. ಆ ದಿನ ಮಾತ್ರ ಬೇರೆ ಕೆಲಸವೆಲ್ಲ ಬದಿಗಿಟ್ಟು ಕೂತಿದ್ದರು. ಎರಡು ದಿನ ತುಂಡು ಹಲಗೆ ಸುಟ್ಟ ಮೇಲೆ ತಪ್ಪು ಹೊಳೆಯಿತು. "ಮಿಷನ್ ಹತ್ರ ಬಿಳಿ ಬಣ್ಣನ ಇಲ್ರಿ. ಸುಡದ ಬಿಟ್ಟ ಜಾಗಾನ ಬಿಳಿ. ನಾನು ವಿಭೂತಿ ಬೆಳ್ಳಗ ಮಾಡಾಕ ಹೋದ್ನಿ, ಹಣಿ ಕಪ್ಪಗ ಇರಾಕ ಬಿಡ್ಬೇಕಿತ್ತು."

ಬಿಸಿಲಲ್ಲಿ ಹಾಲಿನ ಕ್ಯಾನು ಎತ್ತಿ ಮಾಗಿದ ಮುಖ ಅದು, ಕಪ್ಪೇ ಅದರ ಕಳೆ. ಹಾಗಾಗಿ ಈ ಸಲ ಫೋಟೊ ಇದ್ದ ಬಣ್ಣದಲ್ಲೇ ಇದೆ. ಎಲ್ಲ ಒಂದೇ ಮಸಿಯಾಗದಿರಲೆಂದು ಪವರ್ ಇಳಿದಿದೆ, ಸ್ಪೀಡು ಏರಿದೆ, ಎಳೆ ಅಡ್ಡ ಬರುವಂತೆ ಹಲಗೆ ತಿರುಗಿದೆ.

ಆರೂವರೆಯ ಹೊತ್ತಿಗೆ ಚುಕ್ಕೆ ನಿಲ್ಲುತ್ತದೆ. ಭಾಗ್ಯ ಒಣ ಬ್ರಷ್‌ನಿಂದ ಮಸಿ ಗುಡಿಸುವಷ್ಟರಲ್ಲಿ ನಾಗಲಿಂಗಮ್ಮ ಮೊದಲ ಬಸ್ಸಿಗೇ ಬಂದು ನಿಂತಿದ್ದಾರೆ. ಕಂದು ಹಣೆಯ ಮೇಲೆ ಮೂರು ಗೆರೆ ಬರೀ ಮರವಾಗಿ, ಬೆಳ್ಳಗೆ ಉಳಿದಿವೆ. ಬಹಳ ಹೊತ್ತು ನೋಡಿದ ನಾಗಲಿಂಗಮ್ಮ, "ಹ್ಞಾ, ಈಗ ಮನಿಯಿಂದ ಹೊರಗ ಹೊಂಟಂಗ ಅದಾರ" ಎನ್ನುತ್ತಾರೆ. ತಮ್ಮದೂ ಒಂದು ಮಾಡಿಕೊಡಬೇಕಂತೆ, ಸ್ಟುಡಿಯೋದವರ ಹಾಗೆ ಬೆಳ್ಳಗೆ ಮಾಡಬಾರದಂತೆ.

ಅವರು ಹಲಗೆಯನ್ನು ಹೊಸ ಟವೆಲ್‌ನಲ್ಲಿ ಸುತ್ತಿಕೊಂಡು ಹೋದ ಮೇಲೆ ಭಾಗ್ಯ ಕನ್ನಡಕ ತೆಗೆಯುತ್ತಾರೆ. ಫೋಟೊ ಕೆಲಸ ಬಿಡುವ ಮಾತು ಏನಾಯಿತೆಂದು ಕೇಳಿದರೆ ತಲೆಯಾಡಿಸುತ್ತಾರೆ.

"ಬಿಡಂಗಿಲ್ರಿ. ಹಲಗಿ ಮುಟ್ಟೋಕಿಂತ ಮದ್ಲ ಆ ಅಮ್ಮಾರು ಸೆರಗು ತಲಿಮ್ಯಾಲೆ ಎಳ್ಕೊಂಡ್ರು, ಗಂಡನ ಮುಂದ ನಿಂತಂಗ. ನೀವು ನೋಡಿದ್ರೋ ಇಲ್ಲೋ, ನಾನು ನೋಡಿದ್ನಿ."